ಪಿತ್ತದ ಗಂಧೆಗೆ ಚೀನಾದ ಸೂಜಿ

ಸೋದರಿಯರೇ, ಪಿತ್ತದ ಗಂಧೆ ಎಂದರೆ ನಿಮ್ಮಲ್ಲಿ ಹೆಚ್ಚಿನವರು ‘ಅಯ್ಯೋ, ಅಷ್ಟೇನಾ?’ ಅನ್ನುತ್ತೀರಿ. ಅನ್ನುವುದು ಸಹಜವೇ. ಗಂಧೆ ಏಳದ ಮನೆ ಯಾವುದಿದೆ ಹೇಳಿ? ಸುಮಾರು ಐದು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬಂದು ಹೋಗುವ ಕಾಯಿಲೆ ಇದು. ಮಳೆಯಲ್ಲಿ ನೆನೆದು ಬಂದ ಹುಡುಗನ ಬೆನ್ನ ಮೇಲೆ ಕೆಂಪಗೆ ದದ್ದು ಏಳುತ್ತದೆ. ಅಜ್ಜಿ ಕರಿ ಕಂಬಳಿ ತಂದು ಮೈಗೆ ಉಜ್ಜುತ್ತಾಳೆ. ಹಿತ್ತಲಿನಿಂದ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ರಸ ಹಿಂಡಿ ಹಚ್ಚುತ್ತಾಳೆ. ಕರಾವಳಿಯ ಕಡೆಯವರಾದರೆ ಪುನರ್ಪುಳಿ ಸಾರು ಮಾಡಿ ಕುಡಿಸುತ್ತಾರೆ. ಬೆಳಗಾಗುವುದರೊಳಗೆ ಗಂಧೆ ಮಾಯ, ಹುಡುಗ ಮತ್ತೆ ಬೀದಿಗೆ!

ನಾನು ಹೇಳಹೊರಟಿರುವುದು ಹೀಗೆ ಬಂದು ಹಾಗೆ ಹೋಗುವ ಗಂಧೆಯ ಮಾತಲ್ಲ. ಬಂದ ನೆಂಟರು ಹೊರಡುವ ಮಾತೇ ಎತ್ತದೆ ಕೂತುಬಿಟ್ಟರೆ ಹೇಗಿರುತ್ತದೋ, ಹಾಗೆ ಮೈಮೇಲೆ ಮನೆ ಮಾಡಿಕೊಂಡುಬಿಡುವ ಗಂಧೆಯ ಮಾತು. ಹೆಚ್ಚುಕಡಿಮೆ ದಿನಾ ಏಳುತ್ತಾ ಆರು ವಾರ ದಾಟಿದರೆ ಅದನ್ನು ವೈದ್ಯರು ದೀರ್ಘಕಾಲದ ಅರ್ಟಿಕೇರಿಯಾ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ತುರಿಕೆ ಗಿಡಕ್ಕೆ ‘ಅರ್ಟಿಕಾ’ ಎಂದು ಹೆಸರಂತೆ, ಅದರಿಂದ ಬಂದ ಮಾತು. ಆ ಗಿಡದ ಎಲೆ ತಾಕಿಸಿಕೊಂಡವರಿಗೆ ಈ ಹೆಸರು ಎಷ್ಟು ಸರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೂರಕ್ಕೆ ಒಬ್ಬರಿಗೆ ಬರುವ ಈ ಕಾಟ, ಗಂಡಸರಿಗಿಂತ ಹೆಂಗಸರಿಗೆ ಸುಮಾರು ಎರಡು ಪಟ್ಟು ಹೆಚ್ಚು. ನನಗೆ ಅದು 2018ರ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ವಾರವೇ ಶುರುವಾಯಿತು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಕಪ್ಪುಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ತೋಳಿನ ಮೇಲೆ ರೊಟ್ಟಿಯಷ್ಟಗಲದ ದದ್ದು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಳಿದು ಸೊಂಟದಲ್ಲಿ ಎದ್ದಿರುತ್ತಿತ್ತು, ಲಂಗದ ಲಾಡಿ ಒತ್ತಿದ ಗೆರೆಯ ಉದ್ದಕ್ಕೂ ಯಾರೋ ಕೆಂಪು ದಾರ ಕಟ್ಟಿದ ಹಾಗೆ. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲುಮನೆಯಲ್ಲಿ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಮೈಮೇಲೆ ಹಾಕಿಕೊಂಡು ಕೂರುತ್ತಿದ್ದೆ. ನಿದ್ದೆಗೆಟ್ಟು ಬೆಳಿಗ್ಗೆ ತಿಂಡಿ ಮಾಡಿ, ಡಬ್ಬಿ ಕಟ್ಟಿ, ಮಕ್ಕಳ ಮುಂದೆ ನಿಂತು ಹಳಗನ್ನಡ ಪದ್ಯ ಪಾಠ ಮಾಡುವ ಕಷ್ಟ ನಿಮಗೆ ಊಹಿಸಲು ಆಗುತ್ತದೆಯೇ?

ತುರಿಕೆಯನ್ನಾದರೂ ತಡೆದುಕೊಳ್ಳಬಹುದು ಕಣ್ರೀ, ಸುತ್ತಲಿನವರ ಮಾತು ತಡೆದುಕೊಳ್ಳುವುದು ಕಷ್ಟ. ಒಬ್ಬರು ಬದನೆಕಾಯಿ ಬಿಡಿ ಅಂದರು. ಇನ್ನೊಬ್ಬರು ಕಡಲೆಬೇಳೆ, ಮತ್ತೊಬ್ಬರು ಮೊಸರು. ಪಕ್ಕದ ಮನೆಯಾಕೆ ಹುಣಿಸೆಹುಳಿಯ ಮೇಲೇ ಆಪಾದನೆ ಹೊರಿಸಿದರು. ಹುಣಿಸೆಹುಳಿ ಬಿಟ್ಟು ಮೈಸೂರಿನವರು ಸಾರು ಮಾಡುವುದು ಹೇಗೆ? ನಮ್ಮತ್ತೆ ‘ನಾಗರ ದೋಷ ಇರಬೇಕು’ ಎಂದು ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಂಡರು. ಪಾಪ, ಅವರ ಅಂತಃಕರಣಕ್ಕೆ ನಾನು ಎದುರು ಹೇಳಲಿಲ್ಲ. ಆದರೆ ನನ್ನ ತಂಗಿಯ ಮಗುವಿನ ನಾಮಕರಣದ ದಿನ ನಡೆದದ್ದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳಲು ಬಗ್ಗಿದೆ. ಬೀಗರ ಕಡೆಯ ಅಜ್ಜಿಯೊಬ್ಬರು ನನ್ನ ಕತ್ತಿನ ಮೇಲಿನ ದದ್ದು ನೋಡಿ, ‘ಮಗೂನ ಮುಟ್ಬೇಡಮ್ಮಾ, ಎಳೇ ಚರ್ಮ, ಅಂಟ್ಕೊಂಡ್ಬಿಡತ್ತೆ’ ಅಂದರು. ಕೂಡಿದ್ದ ಇಪ್ಪತ್ತು ಹೆಂಗಸರಲ್ಲಿ ಒಬ್ಬರೂ ‘ಇದು ಅಂಟುವ ಕಾಯಿಲೆಯಲ್ಲ’ ಅನ್ನಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಲೋಟ ತೊಳೆಯುತ್ತಾ ನಿಂತೆ.

ಅದಕ್ಕೇ ಮೊದಲು ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಗಂಧೆ ಅಂಟುವುದಿಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೀರೆ ಬದಲಾಯಿಸಿಕೊಂಡರೆ, ಊಹೂಂ, ಏನು ಮಾಡಿದರೂ ಅಂಟುವುದಿಲ್ಲ. ನಮ್ಮ ಚರ್ಮದ ಕೆಳಗೆ ಮಾಸ್ಟ್ ಕೋಶಗಳು ಎಂಬ ಸಣ್ಣ ಸಣ್ಣ ಚೀಲಗಳಂಥ ಜೀವಕೋಶಗಳಿವೆ. ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿ 1878ರಲ್ಲೇ ಇವಕ್ಕೆ ಹೆಸರಿಟ್ಟ. ಈ ಚೀಲಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ತುಂಬಿರುತ್ತದೆ. ಅಪಾಯ ಬಂದಾಗ ಚೀಲ ಬಾಯಿ ಬಿಚ್ಚಿ ಅದನ್ನು ಸುರಿಯಬೇಕು. ಆದರೆ ಕೆಲವರಲ್ಲಿ ಕಳ್ಳ ಬಾರದಿದ್ದರೂ ಬೊಗಳುವ ನಾಯಿಯ ಹಾಗೆ ಕಾರಣವಿಲ್ಲದೆಯೇ ಬಾಯಿ ಬಿಚ್ಚುತ್ತದೆ. ಸಣ್ಣ ರಕ್ತನಾಳಗಳಿಂದ ನೀರು ಸೋರಿ ಚರ್ಮ ಉಬ್ಬುತ್ತದೆ, ನರ ಕೆರಳಿ ತುರಿಸುತ್ತದೆ. ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿದುಹೋಗುತ್ತದೆ, ಆದರೆ ಅಷ್ಟರಲ್ಲಿ ಇನ್ನೊಂದು ಕಡೆ ಎದ್ದಿರುತ್ತದೆ. ಎಷ್ಟೋ ಜನರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನವರನ್ನು ಶತ್ರುಗಳೆಂದು ಭಾವಿಸಿ ಹೀಗೆ ಮಾಡುತ್ತದೆ. ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಇಂಥ ದೀರ್ಘಕಾಲದ ಗಂಧೆಗೆ ಊಟ ಕಾರಣವಾಗುವುದು ಬಲು ಅಪರೂಪ. ಬದನೆಕಾಯಿ ಪಾಪದ್ದು!

ಚರ್ಮದ ಡಾಕ್ಟರು ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಾಗಿತ್ತು. ನಿದ್ದೆ ಅಷ್ಟಾಗಿ ಬರಿಸದ ಹೊಸ ಜಾತಿಯ ಅಲರ್ಜಿ ಮಾತ್ರೆ ಬರೆದುಕೊಟ್ಟು, ‘ತುರಿಸಿದಾಗ ಮಾತ್ರ ಅಲ್ಲಮ್ಮಾ, ದಿನಾ ತೊಗೋಬೇಕು’ ಎಂದರು. ಸಾಲದಿದ್ದರೆ ವೈದ್ಯರ ಕಣ್ಗಾವಲಿನಲ್ಲಿ ಈ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದಂತೆ. ಅದಕ್ಕೂ ಬಗ್ಗದವರಿಗೆ ಓಮಾಲಿಜುಮಾಬ್ ಎಂಬ ಇಂಜೆಕ್ಷನ್ ಇದೆ. 2014ರಲ್ಲಿ ಅಮೆರಿಕ, ಯೂರೋಪುಗಳಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದದ್ದು. ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕು. ಬೆಲೆ ಕೇಳಿ ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಡಾಕ್ಟರು ಇನ್ನೊಂದು ಉಪಾಯ ಹೇಳಿಕೊಟ್ಟರು. ಇಡೀ ಕಾಯಿಲೆಯಲ್ಲಿ ನನಗೆ ಅತ್ಯಂತ ಉಪಕಾರವಾದದ್ದು ಅದೇ. ದಿನಾ ರಾತ್ರಿ ಅಂಕ ಹಾಕಿಕೊಳ್ಳುವುದು. ಆ ದಿನ ದದ್ದು ಇಲ್ಲದಿದ್ದರೆ 0, ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ 1, ಐವತ್ತರವರೆಗೆ 2, ಅದಕ್ಕೂ ಮೀರಿದರೆ 3. ತುರಿಕೆಗೂ ಹಾಗೆಯೇ. ಇಲ್ಲವೇ ಇಲ್ಲ ಎಂದರೆ 0, ನಿದ್ದೆಗೆಡಿಸುವಷ್ಟಾದರೆ 3. ದಿನಕ್ಕೆ ಹೆಚ್ಚೆಂದರೆ 6, ವಾರಕ್ಕೆ 42. ಇದು ಪ್ರಪಂಚದಾದ್ಯಂತ ವೈದ್ಯರು ಬಳಸುವ ಲೆಕ್ಕ. ನಾವು ಗೃಹಿಣಿಯರಿಗೆ ಇದೇನು ಹೊಸದೇ? ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ‘ಅರ್ಧ ಲೀಟರ್’ನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗಂಧೆಯ ಅಂಕವನ್ನೂ ಬರೆಯತೊಡಗಿದೆ. ಮೊದಲ ವಾರ ಕೂಡಿಸಿದಾಗ 34 ಬಂತು. ಮಾತ್ರೆ ಏರಿಸಿದ ಮೇಲೆ 22ಕ್ಕೆ ಇಳಿದು ಅಲ್ಲೇ ನಿಂತಿತು. ಅರ್ಧ ಗೆದ್ದ ಹಾಗೆ, ಅರ್ಧ ಸೋತ ಹಾಗೆ.

ಆಗ ಬಂತು ಸೂಜಿಯ ಮಾತು. ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರು, ‘ನಮ್ಮ ನಾದಿನಿಗೆ ಮಂಡಿನೋವಿಗೆ ಅಕ್ಯುಪಂಕ್ಚರ್ ಮಾಡಿಸಿದ್ವಿ ಮಿಸ್, ನೀವೂ ಯಾಕೆ ನೋಡಬಾರದು?’ ಅಂದರು. ಸೂಜಿ ಎಂದರೆ ಹೂ ಕಟ್ಟುವವರಿಗೆ, ಬಟ್ಟೆ ಹೊಲಿಯುವವರಿಗೆ ಇರಬೇಕಾದದ್ದು, ಮೈಗೆ ಚುಚ್ಚಿದರೆ ತುರಿಕೆ ಹೋಗುವುದುಂಟೇ ಎಂದು ನನಗೂ ಅನ್ನಿಸಿತು. ಆದರೆ ತಿಳಿದುಕೊಳ್ಳುತ್ತಾ ಹೋದ ಹಾಗೆ ಕುತೂಹಲವಾಯಿತು. ನಿಮಗೂ ಸ್ವಲ್ಪ ಹೇಳುತ್ತೇನೆ.

ಇದು ಚೀನಾ ದೇಶದ ಎರಡು ಸಾವಿರ ವರ್ಷಕ್ಕೂ ಹಳೆಯದಾದ ವೈದ್ಯಪದ್ಧತಿ. ಮೈಯಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ, ಎಲ್ಲೋ ಕಟ್ಟಿಕೊಂಡರೆ ಕಾಯಿಲೆ ಬರುತ್ತದೆ, ಆ ದಾರಿಯ ಗೊತ್ತಾದ ಜಾಗದಲ್ಲಿ ಸೂಜಿ ಚುಚ್ಚಿದರೆ ಹರಿವು ಸರಿಹೋಗುತ್ತದೆ ಎಂಬುದು ಅವರ ತತ್ತ್ವ. ಇಂಥ ದಾರಿಗಳನ್ನು ದೇಹ ಕೊಯ್ದು ನೋಡಿದ ಯಾರೂ ಕಂಡಿಲ್ಲ, ಅದು ಬೇರೆ ಮಾತು. ಗಂಧೆಗೆ ಅವರ ಒಂದು ಹಳೆಯ ಹೆಸರಿನ ಅರ್ಥ ‘ಅಡಗಿರುವ ದದ್ದು’ ಎಂದು. ಬಂದು ಬಂದು ಅಡಗುತ್ತದಲ್ಲ! ಗಾಳಿಯಿಂದ ಬರುತ್ತದೆ ಎಂದು ಅವರ ನಂಬಿಕೆ. ನಮ್ಮ ಆಯುರ್ವೇದದವರು ಇದನ್ನು ‘ಶೀತಪಿತ್ತ’ ಎಂದು ಕರೆದು, ತಣ್ಣನೆಯ ಗಾಳಿ ಸೋಕಿದ್ದರಿಂದ ಬಂತು ಎನ್ನುತ್ತಾರೆ. ನಮ್ಮಜ್ಜಿ ಕಂಬಳಿ ಹೊದಿಸಿದ್ದೂ ಅದಕ್ಕೇ ತಾನೆ? ನಡುವೆ ಹಿಮಾಲಯವೇ ಅಡ್ಡವಿದ್ದರೂ ಎರಡೂ ಕಡೆಯ ಹಿರಿಯರ ಕಣ್ಣಿಗೆ ಕಂಡದ್ದು ಒಂದೇ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆಯೂ ಸ್ವಾರಸ್ಯವಾದದ್ದು. 1938ರಲ್ಲಿ ಜಪಾನಿನ ಜೊತೆ ಯುದ್ಧ ಮಾಡುತ್ತಿದ್ದ ಚೀನಾಕ್ಕೆ ನಮ್ಮ ಕಾಂಗ್ರೆಸ್ಸು ಐದು ಮಂದಿ ಡಾಕ್ಟರುಗಳನ್ನು ಕಳಿಸಿತ್ತು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. 1942ರಲ್ಲಿ ಅಲ್ಲೇ ತೀರಿಕೊಂಡರು. 1946ರಲ್ಲಿ ಶಾಂತಾರಾಮರು ಅವರ ಮೇಲೆ ತೆಗೆದ ಹಿಂದಿ ಚಿತ್ರವನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. ಆ ಐವರಲ್ಲಿ ಇನ್ನೊಬ್ಬರು ಬಂಗಾಳದ ಡಾಕ್ಟರ್ ಬಿಜಯ್ ಕುಮಾರ್ ಬಸು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಶುರುಮಾಡಿದರು. ಅಮೆರಿಕದವರಿಗೆ ಇದರ ಹುಚ್ಚು ಹಿಡಿದದ್ದು ಅದಾದ ಮೇಲೆ. 1971ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು, ಆಮೇಲಿನ ಹೊಟ್ಟೆಯುಬ್ಬರಕ್ಕೆ ಸೂಜಿ ಹಾಕಿಸಿಕೊಂಡದ್ದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದ ಮೇಲೆ.

ಸರಿ, ನಾನು 2019ರ ಬೇಸಿಗೆ ರಜೆಯಲ್ಲಿ ಹೊರಟೆ. ಮೊದಲು ಹೋದ ಕಡೆ ಕೂತಿದ್ದ ಮಹನೀಯರು ನನ್ನ ನಾಡಿ ಹಿಡಿದು ಎರಡು ನಿಮಿಷ ಕಣ್ಣು ಮುಚ್ಚಿದರು. ಆಮೇಲೆ, ‘ಆ ಮಾತ್ರೆ ಎಲ್ಲಾ ವಿಷ. ಇವತ್ತೇ ಕಸದ ಬುಟ್ಟಿಗೆ ಹಾಕಿ. ಗಂಧೆ ಜಾಸ್ತಿ ಆದ್ರೆ ಹೆದರ್ಬೇಡಿ, ಒಳಗಿನ ಕೊಳೆ ಹೊರಗೆ ಬರ್ತಿದೆ ಅಂತ ತಿಳ್ಕೊಳ್ಳಿ’ ಅಂದರು. ನನ್ನ ಮನಸ್ಸಿಗೆ ಆ ಮಾತು ಒಪ್ಪಲಿಲ್ಲ. ಕಡಿಮೆಯಾದರೂ ಅವರ ಗುಣ, ಹೆಚ್ಚಾದರೂ ಅವರ ಗುಣ ಎಂದರೆ ಪರೀಕ್ಷೆಯಲ್ಲಿ ಏನು ಬರೆದರೂ ಪಾಸು ಎಂದ ಹಾಗಾಯಿತಲ್ಲ! ನಮಸ್ಕಾರ ಹಾಕಿ ಎದ್ದು ಬಂದೆ.

ಎರಡನೆಯ ಸಲ ಸಿಕ್ಕವರು ಬೇರೆ ಥರ. ವೈದ್ಯಕೀಯ ಓದಿ ಆಮೇಲೆ ಸೂಜಿಯ ವಿದ್ಯೆ ಕಲಿತ ಹೆಂಗಸು. ನಾನು ಕ್ಯಾಲೆಂಡರಿನ ಹಾಳೆಗಳನ್ನು ತೋರಿಸಿದಾಗ ನಗಲಿಲ್ಲ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಮಾತ್ರೆ ಬಿಡ್ಬೇಡಿ. ವಾರಕ್ಕೆ ಎರಡು ಸಲದಂತೆ ಹದಿನಾರು ಸಲ ನೋಡೋಣ. ಅಂಕ ಬರೆಯೋದನ್ನ ನಿಲ್ಲಿಸ್ಬೇಡಿ. ಇಳೀಲಿಲ್ಲ ಅಂದ್ರೆ ನಾನೇ ಸಾಕು ಅಂತೀನಿ’ ಅಂದರು. ಒಂದು ಸಲಕ್ಕೆ ಐನೂರು ರೂಪಾಯಿ. ಹದಿನಾರು ಸಲಕ್ಕೆ ಎಂಟು ಸಾವಿರ. ಹೊಸ ಮಿಕ್ಸಿಗೆಂದು ಕೂಡಿಟ್ಟ ಹಣ, ಇರಲಿ ಎಂದುಕೊಂಡೆ.

ಸೂಜಿ ಎಂದರೆ ಹೆದರಬೇಡಿ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳಲ್ಲ, ಔಷಧಿಯೂ ಇಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ, ಸುಮಾರು ಕಾಲು ಮಿಲಿಮೀಟರು. ಮೊಹರಾದ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ಬಿಚ್ಚಿ, ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಚುಚ್ಚುತ್ತಿದ್ದರು. ಮೊಣಕೈ ಮಡಿಸಿದಾಗ ಬೀಳುವ ಗೆರೆಯ ಹೊರತುದಿಯಲ್ಲಿ ಒಂದು ಜಾಗ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಚೂಚಿ’, ಎಂದರೆ ತಿರುವಿನಲ್ಲಿರುವ ಕೊಳ. ಮಂಡಿಚಿಪ್ಪಿನಿಂದ ಎರಡು ಹೆಬ್ಬೆರಳು ಅಗಲದಷ್ಟು ಮೇಲೆ, ತೊಡೆಯ ಒಳಮಗ್ಗುಲಿಗೆ ‘ಶುವೆಹಾಯ್’, ಎಂದರೆ ರಕ್ತಸಮುದ್ರ. ಮಂಡಿಯ ಕೆಳಗೆ ನಾಲ್ಕು ಬೆರಳು ಬಿಟ್ಟು ಹೊರಗಡೆ ಇನ್ನೊಂದು. ಕನ್ನಡ ಟೀಚರಿಗೆ ಈ ಹೆಸರುಗಳೇ ಅರ್ಧ ಔಷಧಿ! ಅಳತೆಗೆ ಅವರವರ ಹೆಬ್ಬೆರಳೇ ಅಳತೆಗೋಲು, ನಮ್ಮ ಹಿರಿಯರು ಗೇಣು, ಮೊಳ ಎನ್ನುತ್ತಿದ್ದ ಹಾಗೆ. ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವು. ಆಮೇಲೆ ಸುತ್ತ ಒಂಥರಾ ಭಾರ, ಜೋಮು ಹಿಡಿದ ಹಾಗೆ. ಹಾಗೆ ಆದರೆ ಸೂಜಿ ಸರಿಯಾದ ಜಾಗ ಮುಟ್ಟಿದೆ ಎಂದು ಅವರ ಲೆಕ್ಕ.

ಸೂಜಿ ಹಾಕಿ, ದೀಪ ಆರಿಸಿ, ಅರ್ಧ ಗಂಟೆ ಮಲಗಿಸುತ್ತಿದ್ದರು. ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ, ಮೈಯಲ್ಲಿ ಜ್ವರವಿಲ್ಲದೆ, ಹಗಲು ಹೊತ್ತು ಅರ್ಧ ಗಂಟೆ ನಾನು ಅಂಗಾತ ಮಲಗಿದ್ದು ಅಲ್ಲೇ ಮೊದಲು. ‘ಅಮ್ಮಾ ಕಾಫಿ’ ಎನ್ನುವವರಿಲ್ಲ, ಕುಕ್ಕರ್ ಕೂಗುವುದಿಲ್ಲ. ಎದ್ದೇಳೋಣವೆಂದರೆ ಮೈತುಂಬ ಸೂಜಿ! ಎಷ್ಟೋ ಸಲ ನಿದ್ದೆಯೇ ಬಂದುಬಿಡುತ್ತಿತ್ತು.

ಕ್ಯಾಲೆಂಡರು ಏನು ಹೇಳಿತು? ಮೊದಲ ಎರಡು ವಾರ ಏನೂ ಇಲ್ಲ, 22, 21. ನಾಲ್ಕನೆಯ ವಾರ 17. ಎಂಟನೆಯ ವಾರ 13. ಎರಡು ಕಡೆ ಚರ್ಮ ನೀಲಿಗಟ್ಟಿದ್ದು ಬಿಟ್ಟರೆ ತೊಂದರೆ ಏನೂ ಆಗಲಿಲ್ಲ. ರಾತ್ರಿ ಬಚ್ಚಲುಮನೆಗೆ ಏಳುವುದು ವಾರಕ್ಕೆ ಒಂದು ಸಲಕ್ಕೆ ಇಳಿಯಿತು. ಸೂಜಿ ನಿಲ್ಲಿಸಿದ ಎರಡು ತಿಂಗಳಿಗೆ ಮತ್ತೆ 16ಕ್ಕೆ ಏರಿತು. ಪವಾಡವೇನೂ ನಡೆಯಲಿಲ್ಲ. ಆದರೆ ನಿದ್ದೆಗೆಟ್ಟವಳಿಗೆ ನಿದ್ದೆ ಸಿಕ್ಕಿದ್ದು ಸಣ್ಣದೇ? ಮಿಕ್ಸಿಯ ಹಣ ದಂಡವಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಇದಾಗಿ ನಾಲ್ಕು ವರ್ಷದ ಮೇಲೆ, 2023ರಲ್ಲಿ, ಡಾಕ್ಟರಾಗಿರುವ ನನ್ನ ಅಣ್ಣನ ಮಗಳು ಅಮೆರಿಕದ ಒಂದು ದೊಡ್ಡ ವೈದ್ಯಪತ್ರಿಕೆಯಲ್ಲಿ ಬಂದ ಲೇಖನ ಓದಿ ಹೇಳಿದಳು. ಚೀನಾದಲ್ಲಿ ಇದೇ ದೀರ್ಘಕಾಲದ ಗಂಧೆಯ 330 ಮಂದಿಯನ್ನು ಮೂರು ಗುಂಪು ಮಾಡಿದರಂತೆ. ಒಂದು ಗುಂಪಿಗೆ ನಾಲ್ಕು ವಾರದಲ್ಲಿ ಹದಿನಾರು ಸಲ ನಿಜವಾದ ಅಕ್ಯುಪಂಕ್ಚರ್. ಎರಡನೆಯ ಗುಂಪಿಗೆ ತೋರಿಕೆಯ ಚಿಕಿತ್ಸೆ. ಮೂರನೆಯ ಗುಂಪಿಗೆ ‘ಸ್ವಲ್ಪ ಕಾಯಿರಿ’ ಎಂದಷ್ಟೇ. ನಾನು ಕ್ಯಾಲೆಂಡರಿನಲ್ಲಿ ಬರೆದ ಅದೇ 42 ಅಂಕದ ಲೆಕ್ಕ! ನಿಜವಾದ ಸೂಜಿಯವರಿಗೆ ಸರಾಸರಿ ಸುಮಾರು 8 ಅಂಕ ಇಳಿಯಿತು. ತೋರಿಕೆಯವರಿಗೆ 4. ಸುಮ್ಮನೆ ಕಾದವರಿಗೆ 2. ಎಂದರೆ ಸೂಜಿಯಿಂದ ಒಂದಿಷ್ಟು ಉಪಯೋಗ ಇದೆ. ಆದರೆ ನಿಜಕ್ಕೂ ತೋರಿಕೆಗೂ ನಡುವಿನ ವ್ಯತ್ಯಾಸ, ರೋಗಿಗೆ ‘ಹೌದು, ಗುಣವಾಗಿದೆ’ ಅನ್ನಿಸುವಷ್ಟು ದೊಡ್ಡದಲ್ಲ ಎಂದು ಅವರೇ ಬರೆದಿದ್ದಾರೆ.

ನನ್ನ 22 ಇಳಿದು 13 ಆದದ್ದು ಯಾಕೆ ಎಂದು ಈಗ ನೀವೇ ಯೋಚಿಸಿ. ಸೂಜಿಯ ಗುಣ ಒಂದಿಷ್ಟು. ಮಲಗಿ ಸುಧಾರಿಸಿಕೊಂಡದ್ದು ಒಂದಿಷ್ಟು. ‘ಈ ವಾರ ಹೇಗಿತ್ತು?’ ಎಂದು ಒಬ್ಬರು ಮನಸ್ಸಿಟ್ಟು ಕೇಳಿದ್ದು ಒಂದಿಷ್ಟು. ಶಾಲೆಗೆ ರಜೆ ಇದ್ದದ್ದು ಒಂದಿಷ್ಟು. ಮನಸ್ಸಿನ ಒತ್ತಡದಿಂದ ಗಂಧೆ ಕೆರಳುವುದು ಡಾಕ್ಟರುಗಳೂ ಒಪ್ಪುವ ಮಾತೇ. ಜೊತೆಗೆ ಇನ್ನೊಂದು ಕಾರಣವಿದೆ, ಅದನ್ನು ಯಾವ ಚಿಕಿತ್ಸೆಯವರೂ ಜೋರಾಗಿ ಹೇಳುವುದಿಲ್ಲ. ದೀರ್ಘಕಾಲದ ಗಂಧೆ ಹಲವರಲ್ಲಿ ಒಂದರಿಂದ ಐದು ವರ್ಷದೊಳಗೆ ತಾನಾಗಿಯೇ ದಣಿದು ಅಡಗಿಬಿಡುತ್ತದೆ. ನನಗೆ 2022ರ ಬೇಸಿಗೆಯ ಹೊತ್ತಿಗೆ ಅಂಕ ಸೊನ್ನೆಗೆ ಬಂತು, ಡಾಕ್ಟರು ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಆಗ ನಮ್ಮ ಮನೆಯಲ್ಲಿ ನೋಡಬೇಕಿತ್ತು! ಅತ್ತೆ ‘ಸುಬ್ರಹ್ಮಣ್ಯ ಕಣ್ಬಿಟ್ಟ’ ಅಂದರು. ಪಕ್ಕದ ಮನೆಯಾಕೆ ತಾನು ಕೊಟ್ಟ ಕಷಾಯ ಎಂದರು. ಹಿಂದಿ ಟೀಚರು ‘ಸೂಜಿ ಮಿಸ್, ಸೂಜಿ!’ ಅಂದರು. ಕಾಯಿಲೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಯಾರು ನಿಂತಿರುತ್ತಾರೋ ಓಡಿಸಿದ ಕೀರ್ತಿ ಅವರದು, ಅಷ್ಟೇ.

ಅದಕ್ಕೇ ಹೇಳುತ್ತೇನೆ, ಸೂಜಿಯನ್ನು ಕಣ್ಣುಮುಚ್ಚಿ ನಂಬಲೂ ಬೇಡಿ, ಮೂಗುಮುರಿದು ತಳ್ಳಲೂ ಬೇಡಿ. ಲೆಕ್ಕ ಇಡಿ. ಹೋಗುವ ಮುಂಚೆ ಒಂದು ತಿಂಗಳ ಅಂಕ ಬರೆದಿಟ್ಟುಕೊಳ್ಳಿ. ಎಷ್ಟು ಸಲ, ಎಷ್ಟು ಹಣ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಷ್ಟರಲ್ಲಿ ಇಳಿಯದಿದ್ದರೆ ನಿಲ್ಲಿಸಿ, ಸಂಕೋಚ ಬೇಡ. ಸೂಜಿ ಹೊಸದಾಗಿರಬೇಕು, ಪೊಟ್ಟಣ ನಿಮ್ಮೆದುರೇ ಬಿಚ್ಚಬೇಕು, ಒಮ್ಮೆ ಬಳಸಿದ್ದು ಕಸಕ್ಕೇ ಹೋಗಬೇಕು. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಚುಚ್ಚಿಸಿಕೊಳ್ಳಬಾರದು. ‘ಮಾತ್ರೆ ಬಿಡಿ’ ಎಂದವರನ್ನೇ ಬಿಟ್ಟುಬಿಡಿ.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದೂ ಇದೆ. ಲಂಗದ ಲಾಡಿ ಬಿಗಿಯಾಗಿ ಕಟ್ಟಬೇಡಿ, ರವಿಕೆಯ ತೋಳು ಸಡಿಲವಾಗಿರಲಿ. ಒತ್ತಿದ ಕಡೆ ದದ್ದು ಏಳುತ್ತದೆ. ಸುಡುನೀರಿನ ಸ್ನಾನ ಬೇಡ, ಬೆಚ್ಚಗಿದ್ದರೆ ಸಾಕು. ತಲೆನೋವು, ಕಾಲುನೋವಿಗೆ ಅಂಗಡಿಯಿಂದ ತಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಎಷ್ಟೋ ಜನರಲ್ಲಿ ಗಂಧೆಯನ್ನು ಕೆರಳಿಸುತ್ತವೆ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಗಂಧೆಯ ನೆಪದಲ್ಲಿ ಎಲ್ಲವನ್ನೂ ಬಿಟ್ಟು ಸಪ್ಪೆ ಗಂಜಿ ಕುಡಿಯುವವರಿಗಾಗಿ ನಮ್ಮನೆಯ ದೊಡ್ಡಪತ್ರೆ ತಂಬುಳಿ. ಹತ್ತು ಹನ್ನೆರಡು ಎಲೆ ತೊಳೆದು, ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ. ಎರಡು ದೊಡ್ಡ ಚಮಚ ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಿ, ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸಬಾರದು. ಇದರಿಂದ ಗಂಧೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಿಸಿ ಅನ್ನಕ್ಕೆ ಕಲೆಸಿದರೆ ಎರಡು ತುತ್ತು ಹೆಚ್ಚು ಹೋಗುತ್ತದೆ, ಅಷ್ಟು ಗ್ಯಾರಂಟಿ.

ಎರಡು ಸಂದರ್ಭಗಳಲ್ಲಿ ಮಾತ್ರ ತಂಬುಳಿಯೂ ಬೇಡ, ಸೂಜಿಯೂ ಬೇಡ. ಗಂಧೆಯ ಜೊತೆ ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟಿದ ಹಾಗಾದರೆ, ತಲೆ ಸುತ್ತಿ ಬಂದರೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಕೂಡದು. ಒಂದೇ ಜಾಗದ ದದ್ದು 24 ಗಂಟೆ ಮೀರಿಯೂ ಇಳಿಯದೆ, ನೋಯುತ್ತಾ, ಕಪ್ಪು ಕಲೆ ಉಳಿಸಿದರೆ ಅದು ಬೇರೆ ಕಾಯಿಲೆ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ನಿಮಗೆ ಗಂಧೆಯ ಕಾಟವಿಲ್ಲದಿದ್ದರೆ ಬಹಳ ಸಂತೋಷ. ಆದರೆ ನಿಮ್ಮ ನೆಂಟರಲ್ಲೋ, ನೆರೆಯಲ್ಲೋ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಏನು ತಿಂದೆ, ಏನು ಬಿಟ್ಟೆ ಎಂದು ಅವಳನ್ನು ಕೇಳಬೇಡಿ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ. ಮುಂದಿನ ವರಮಹಾಲಕ್ಷ್ಮಿ ಹಬ್ಬಕ್ಕೆ ಮರೆಯದೆ ಅವಳನ್ನು ಕರೆಯಿರಿ. ತೋಳಿನ ಮೇಲೆ ದದ್ದು ಎದ್ದಿದ್ದರೂ ಸರಿಯೇ, ಎಲ್ಲರೆದುರಿಗೆ ಅವಳ ಕೈಯಿಂದಲೇ ಹಣೆಗೆ ಕುಂಕುಮ ಇಡಿಸಿಕೊಳ್ಳಿ.